ತೊಟ್ಟಿಲ ಹೆಸರು

ನಮ್ಮ ಕಡೆ ಆರಡಿ ಎತ್ತರದ ಅಜ್ಜನನ್ನೂ ‘ಪುಟ್ಟಣ್ಣ’ ಎಂದೇ ಕರೆಯುವುದುಂಟು. ತೊಟ್ಟಿಲಲ್ಲಿ ಅಂಟಿದ ಹೆಸರು ಬಿಡುವುದಿಲ್ಲ. ರೋಗನಿರೋಧಕ ಶಕ್ತಿಯ ಚರಿತ್ರೆ ಓದುವಾಗ ಎನ್‌ಎಫ್-ಕಪ್ಪಾ-ಬಿ ಎಂಬ ಪ್ರೋಟೀನು ನನಗೆ ಅಂಥದೇ ಪುಟ್ಟಣ್ಣನಾಗಿ ಕಾಣುತ್ತದೆ.

1986ರಲ್ಲಿ ಅಮೆರಿಕದ ಕೇಂಬ್ರಿಜ್‌ನಲ್ಲಿ, ಡೇವಿಡ್ ಬಾಲ್ಟಿಮೋರ್ ಅವರ ಪ್ರಯೋಗಾಲಯದಲ್ಲಿದ್ದ ರಂಜನ್ ಸೇನ್, ಪ್ರತಿಕಾಯ ತಯಾರಿಸುವ ಬಿ ಕೋಶಗಳ ನ್ಯೂಕ್ಲಿಯಸ್‌ನಲ್ಲಿ ಇದನ್ನು ಕಂಡರು. ಪ್ರತಿಕಾಯದ ‘ಕಪ್ಪಾ’ ಸರಪಳಿಯ ಜೀನನ್ನು ಚುರುಕುಗೊಳಿಸುವ ಡಿಎನ್‌ಎ ತುಣುಕಿಗೆ ಅದು ಅಂಟುತ್ತಿತ್ತು. ಪರೀಕ್ಷಿಸಿದ ಬೇರೆ ಕೋಶಗಳಲ್ಲಿ ಸಿಗಲಿಲ್ಲ. ನ್ಯೂಕ್ಲಿಯಸ್, ಕಪ್ಪಾ, ಬಿ ಮೂರೂ ಸೇರಿ ಹೆಸರಾಯಿತು.

ಅದೇ ವರ್ಷ ಅವರದೇ ಇನ್ನೊಂದು ಪ್ರಬಂಧ ಆ ಹೆಸರಿನ ಬುಡವನ್ನೇ ಅಲ್ಲಾಡಿಸಿತು. ರಾಸಾಯನಿಕದಿಂದ ಕೆಣಕಿದರೆ ಟಿ ಕೋಶಗಳಲ್ಲೂ, ಹೀಲಾ ಕೋಶಗಳಲ್ಲೂ ಇದು ಕಾಣಿಸಿಕೊಂಡಿತು. ಹೊಸ ಪ್ರೋಟೀನು ತಯಾರಾಗದಂತೆ ತಡೆದರೂ ಬಂತು. ಅಂದರೆ ಅದು ಮೊದಲೇ ಅಲ್ಲೇ ಇತ್ತು, ಅಡಗಿತ್ತು. 1988ರಲ್ಲಿ ಪ್ಯಾಟ್ರಿಕ್ ಬಾಯರ್ಲೆ ಮತ್ತು ಬಾಲ್ಟಿಮೋರ್ ಅದನ್ನು ನ್ಯೂಕ್ಲಿಯಸ್‌ನ ಹೊರಗೇ ಹಿಡಿದಿಡುವ ಪ್ರೋಟೀನನ್ನು ತೋರಿಸಿದರು. ಬ್ಯಾಕ್ಟೀರಿಯದ ಸುಳಿವು ಸಿಕ್ಕರೆ ಆ ಕಾವಲು ಕಳಚುತ್ತದೆ. ನಿಮಿಷಗಳಲ್ಲಿ ಇದು ಒಳಹೊಕ್ಕು ಜೀನುಗಳನ್ನು ಎಬ್ಬಿಸುತ್ತದೆ.

ಹಾಗಾದರೆ ಒಂದೇ ಕರೆಗಂಟೆಗೆ ಎಲ್ಲ ಕೋಶಗಳೂ ಒಂದೇ ಉತ್ತರ ಕೊಡುವುದಿಲ್ಲವೇಕೆ? ಬ್ಯಾಕ್ಟೀರಿಯದ ಹೊರಪದರದ ಕೊಬ್ಬು-ಸಕ್ಕರೆಯ ಅಣು ತಾಗಿದರೆ ಮ್ಯಾಕ್ರೋಫೇಜ್ ಉರಿಯೂತ ತರುವ ಟಿಎನ್‌ಎಫ್ ಸುರಿಸುತ್ತದೆ. ಬಿ ಕೋಶ ಪ್ರತಿಕಾಯದ ಕಡೆಗೆ ಹೊರಳುತ್ತದೆ. 2010ರ ಸುಮಾರಿಗೆ ಉತ್ತರ ಸ್ಪಷ್ಟವಾಯಿತು. ಮ್ಯಾಕ್ರೋಫೇಜ್ ಬೆಳೆಯುವಾಗಲೇ ಪಿಯು.1 ಎಂಬ ಪ್ರೋಟೀನು ಕೆಲವು ಡಿಎನ್‌ಎ ಜಾಗಗಳನ್ನು ತೆರೆದಿಟ್ಟಿರುತ್ತದೆ. ಆಮೇಲೆ ಬರುವ ಎನ್‌ಎಫ್-ಕಪ್ಪಾ-ಬಿ ಬಹುಪಾಲು ತೆರೆದ ಬಾಗಿಲುಗಳನ್ನೇ ಹೊಗುತ್ತದೆ. ಗಂಟೆ ಒಂದೇ, ತೆರೆದ ಬಾಗಿಲುಗಳು ಬೇರೆ.

2020ರಲ್ಲಿ ಮನೆಮನೆಯಲ್ಲೂ ‘ಇಮ್ಯುನಿಟಿ ಹೆಚ್ಚಿಸುವ’ ಕಷಾಯ ಕುದಿಯಿತು, ನಾನೂ ಕುಡಿದೆ. ಆದರೆ ಅದೇ ವರ್ಷ ಬ್ರಿಟನ್ನಿನ ರಿಕವರಿ ಪ್ರಯೋಗದಲ್ಲಿ ಆಮ್ಲಜನಕದ ಆಸರೆಯಲ್ಲಿದ್ದ ಕೋವಿಡ್ ರೋಗಿಗಳ ಸಾವನ್ನು ತಗ್ಗಿಸಿದ್ದು ಡೆಕ್ಸಾಮೆಥಸೋನ್. ಎನ್‌ಎಫ್-ಕಪ್ಪಾ-ಬಿ ಎಬ್ಬಿಸುವ ಉರಿಯೂತದ ಜೀನುಗಳನ್ನು ಅಡಗಿಸುವುದು ಆ ಔಷಧದ ಕೆಲಸಗಳಲ್ಲೊಂದು. ಆಮ್ಲಜನಕ ಬೇಡದವರಿಗೆ ಅದರಿಂದ ಲಾಭ ಕಾಣಲಿಲ್ಲ. ನಮ್ಮನ್ನು ಕಾಯುವ ಶಕ್ತಿಗೆ ಯಾವಾಗ ಏಳಬೇಕೆಂಬುದರಷ್ಟೇ ಯಾವಾಗ ಮಲಗಬೇಕೆಂಬುದೂ ಗೊತ್ತಿರಬೇಕು. ಕಷಾಯದ ಲೋಟ ಹಿಡಿದಿದ್ದ ನನಗೆ ಆಗ ಇದು ತಿಳಿದಿರಲಿಲ್ಲ.