ಕೀಲಿ ಹಾಕಿದರಾಯಿತೇ?

ಸೇಡಂನಿಂದ ಕಲಬುರಗಿಯ ಬಸ್ಸು ಹತ್ತಿದರೆ ದಾರಿಯಲ್ಲಿ ಮಳಖೇಡ ಸಿಗುತ್ತದೆ. ಕಾಗಿಣಾ ನದಿಯ ದಂಡೆಯ ಈ ಊರೇ ಹಿಂದೆ ರಾಷ್ಟ್ರಕೂಟರ ಮಾನ್ಯಖೇಟ. ಮೂರನೆಯ ಕೃಷ್ಣನ ಕಾಲದಲ್ಲಿ ಇದರ ಹೆಸರು ಕೇಳಿದರೆ ದಕ್ಷಿಣವೆಲ್ಲ ನಡುಗುತ್ತಿತ್ತು. ಅವನು 967ರಲ್ಲಿ ತೀರಿಕೊಂಡ. ಐದೇ ವರ್ಷಕ್ಕೆ, 972ರಲ್ಲಿ, ಪರಮಾರರ ಸೀಯಕ ಬಂದು ರಾಜಧಾನಿಯನ್ನು ಸೂರೆ ಮಾಡಿದ. ಹಳೆಯ ಹೆಸರು ಮನೆ ಕಾಯುವುದಿಲ್ಲ.

ಈಗ ನಮ್ಮ ಆಸ್ತಿ ಕೋಟೆಯೊಳಗಿಲ್ಲ, ಕಂಪ್ಯೂಟರಿನೊಳಗಿದೆ. ನಮ್ಮ ಕಡೆ ಬಹಳ ಮನೆಗಳಿಗೆ ಇದು ತಿಳಿದದ್ದು ಪಹಣಿಯಿಂದ. 2000ದ ಸುಮಾರಿಗೆ ಸರ್ಕಾರ ‘ಭೂಮಿ’ ಯೋಜನೆ ತಂದು, ಗ್ರಾಮಲೆಕ್ಕಿಗರ ಕೈಬರಹದಲ್ಲಿದ್ದ ಸುಮಾರು 2 ಕೋಟಿ ಪಹಣಿಗಳನ್ನು ಕಂಪ್ಯೂಟರಿಗೆ ಏರಿಸಿತು. ಚಿಂಚೋಳಿ, ಸೇಡಂ, ಚಿತ್ತಾಪುರದ ತಹಸೀಲ ಕಚೇರಿಗಳಿಗೂ ಅದು ಬಂತು. ಪಹಣಿ ತಿದ್ದುವ ಅಧಿಕಾರಿ ಬೆರಳಚ್ಚು ಒತ್ತಿದ ಮೇಲೆಯೇ ಒಳಗೆ ಹೋಗಬೇಕೆಂಬ ಕಟ್ಟುಪಾಡು ಅಂದೇ ಇತ್ತು. 2001ರಲ್ಲಿ ಬೆಂಗಳೂರಿನಲ್ಲಿ ಸೈಬರ್ ಪೊಲೀಸ್ ಠಾಣೆಯೂ ಆಯಿತು. ಆಸ್ತಿ ಹೋದ ಕಡೆ ಕಳ್ಳ ಹೋಗದಿರುತ್ತಾನೆಯೇ?

ಕಂಪ್ಯೂಟರಿನ ಕೀಲಿಗೆ ಒಂದು ವಿಚಿತ್ರ ಗುಣವಿದೆ. ಅದರ ತಂತ್ರಾಂಶವನ್ನು ಬರೆಯುವವರು ಮನುಷ್ಯರು. ಎಲ್ಲೋ ಬಿರುಕು ಉಳಿದೇ ಉಳಿಯುತ್ತದೆ. ಕಂಡಾಗ ಕಂಪನಿಯವರು ತೇಪೆ ಕಳಿಸುತ್ತಾರೆ. ಫೋನಿನಲ್ಲಿ ‘ಅಪ್‌ಡೇಟ್’ ಎಂದು ಬರುವುದರಲ್ಲಿ ಇಂಥ ತೇಪೆಗಳಿರುತ್ತವೆ. ಆದರೆ ತೇಪೆ ಹೊರಬಂದ ದಿನವೇ ಬಿರುಕು ಎಲ್ಲಿದೆ ಎಂಬ ಗುಟ್ಟು ಕಳ್ಳನಿಗೂ ತಿಳಿಯುತ್ತದೆ. ಆಮೇಲೆ ಯಾರು ಮೊದಲು ಎನ್ನುವುದಷ್ಟೇ ಪ್ರಶ್ನೆ.

2017ರಲ್ಲಿ ಜಗತ್ತು ಇದನ್ನು ಕಣ್ಣಾರೆ ಕಂಡಿತು. ವಿಂಡೋಸ್‌ನ ಒಂದು ಬಿರುಕಿಗೆ ಮೈಕ್ರೋಸಾಫ್ಟ್ ಮಾರ್ಚ್ 14ರಂದೇ ತೇಪೆ ಕೊಟ್ಟಿತ್ತು. ಹಚ್ಚಿಕೊಳ್ಳದವರು ಬಹಳ ಮಂದಿ. ಮೇ 12ರಂದು ‘ವಾನಾಕ್ರೈ’ ಅದೇ ಬಿರುಕಿನಿಂದ ನುಗ್ಗಿ ಸುಮಾರು 150 ದೇಶಗಳ ಕಂಪ್ಯೂಟರುಗಳಿಗೆ ಬೀಗ ಜಡಿದು ದುಡ್ಡು ಕೇಳಿತು. ಇಂಗ್ಲೆಂಡಿನ ಆಸ್ಪತ್ರೆಗಳಲ್ಲಿ ಆಪರೇಷನ್‌ಗಳು ನಿಂತವು. ಪಕ್ಕದ ಆಂಧ್ರದಲ್ಲಿ ಪೊಲೀಸರ ಕೆಲವು ಕಂಪ್ಯೂಟರುಗಳೇ ಸಿಕ್ಕಿಬಿದ್ದವು. ಔಷಧ ಮನೆ ಬಾಗಿಲಿಗೆ ಬಂದಿತ್ತು, ಕುಡಿದಿರಲಿಲ್ಲ, ಅಷ್ಟೇ. 2019ರಲ್ಲಿ ನಮ್ಮದೇ ರಾಜ್ಯ ಸರ್ಕಾರದ ಟೆಂಡರ್ ವ್ಯವಸ್ಥೆಗೆ ಕನ್ನ ಹಾಕಿ 11 ಕೋಟಿ ರೂಪಾಯಿಗೂ ಹೆಚ್ಚು ಹಣ ಸಾಗಿಸಿದರು.

‘ಇದೆಲ್ಲ ಗಂಡಸರ ವಿಷಯ, ನಮಗೇನು ತಿಳಿಯುತ್ತದೆ’ ಎನ್ನುವ ಅಕ್ಕತಂಗಿಯರಿದ್ದಾರೆ. ನಾನು ಒಪ್ಪುವುದಿಲ್ಲ. ನಮ್ಮದು ತೊಗರಿಯ ಸೀಮೆ. ಡಬ್ಬಿಗೆ ಬೇಳೆ ತುಂಬಿ ಮುಚ್ಚಳ ಬಿಗಿದರೆ ವರ್ಷವಿಡೀ ನಿಶ್ಚಿಂತೆ ಎಂದು ಯಾವ ಗೃಹಿಣಿ ನಂಬುತ್ತಾಳೆ? ‘ಒಮ್ಮಿ ಒಣಗಿಸಿಟ್ರ ಮುಗೀತೇನ? ನುಸಿಗೇನು ಸೂಟಿ ಇರ್ತದೇನ?’ ಎನ್ನುತ್ತಿದ್ದಳು ನಮ್ಮವ್ವ. ತಿಂಗಳಿಗೊಮ್ಮೆ ತೆಗೆದು ನೋಡುವುದು, ಬಿಸಿಲಿಗೆ ಹಾಕುವುದು, ಬೇವಿನೆಲೆ ಬದಲಿಸುವುದು, ಇದು ನಮ್ಮ ಕೈಗೆ ಬಂದ ವಿದ್ಯೆ. ಫೋನು ಕೇಳುವುದೂ ಇಷ್ಟನ್ನೇ. ಅಪ್‌ಡೇಟ್ ಬಂದರೆ ‘ನಾಳೆ’ ಎನ್ನದೆ ಹಾಕಿಕೊಳ್ಳುವುದು, ಬೇಡದ ಆ್ಯಪ್ ತೆಗೆಯುವುದು.

ಇನ್ನೊಬ್ಬ ಕಳ್ಳನಿದ್ದಾನೆ. ಅವನು ಬಿರುಕು ಹುಡುಕುವುದಿಲ್ಲ, ನಮ್ಮ ಕೈಯಿಂದಲೇ ಬಾಗಿಲು ತೆಗೆಸುತ್ತಾನೆ. ವಾಟ್ಸಪ್ಪಿನಲ್ಲಿ ಮದುವೆಯ ಕರೆಯೋಲೆ ಬರುತ್ತದೆ, ಒತ್ತಿದರೆ ಅದು ಕಳ್ಳ ಆ್ಯಪ್. ಪೊಲೀಸ್ ವೇಷದವನು ವಿಡಿಯೋದಲ್ಲಿ ಬಂದು ‘ಡಿಜಿಟಲ್ ಅರೆಸ್ಟ್’ ಎನ್ನುತ್ತಾನೆ. ನಮ್ಮ ಕಾನೂನಿನಲ್ಲಿ ಅಂಥದ್ದೇ ಇಲ್ಲ. ವಾಡಿ, ಶಹಾಬಾದಿನಲ್ಲಿ ನಿವೃತ್ತರಾಗಿ ಕೂತ ಹಿರಿಯರ ಗಂಟು ಇಂಥವರಿಗೆ ಬೇಕು. ಸಂಘದ ಹೆಣ್ಣುಮಕ್ಕಳ ಉಳಿತಾಯವೂ ಬೇಕು.

ಹಣ ಹೋದರೆ ಮನೆಯಲ್ಲಿ ಬೈದಾರೆಂದು ನಾವು ಮುಚ್ಚಿಡುತ್ತೇವೆ. ಕಳ್ಳನಿಗೆ ಬೇಕಾದದ್ದೂ ಅದೇ. ಅವನು ಹಣವನ್ನು ಖಾತೆಯಿಂದ ಖಾತೆಗೆ ದಾಟಿಸುವ ಮೊದಲೇ 1930ಕ್ಕೆ ಫೋನು ಮಾಡಿದರೆ ಬ್ಯಾಂಕಿನವರು ತಡೆಯುವ ಸಾಧ್ಯತೆ ಇದೆ. ಬೈಗುಳ ಸಂಜೆಗೆ ಕೇಳಿದರಾಯಿತು. ಫೋನು ಮಾತ್ರ ಆ ಕ್ಷಣವೇ ಹೋಗಬೇಕು.