ಸ್ವಯಂಚಾಲಿತ ಗೇರುಪೆಟ್ಟಿಗೆಯ ಧಾರಣಶಕ್ತಿ: ಒಂದು ಐತಿಹಾಸಿಕ ವಿವೇಚನೆ

ಕಾರ್ಖಾನೆಯಿಂದ ಬಂದಂತೆಯೇ ಇರುವ ಸ್ವಯಂಚಾಲಿತ ಗೇರುಪೆಟ್ಟಿಗೆಯು ಎಂಜಿನ್ನಿನ ಎಷ್ಟು ಅಶ್ವಶಕ್ತಿಯನ್ನು ತಾಳಬಲ್ಲುದು ಎಂಬ ಪ್ರಶ್ನೆಗೆ ಜನರು ಸಾಮಾನ್ಯವಾಗಿ ಒಂದು ಅಂಕಿಯನ್ನು ಉತ್ತರವಾಗಿ ನಿರೀಕ್ಷಿಸುತ್ತಾರೆ. ಆದರೆ ಈ ಯಂತ್ರದ ಚರಿತ್ರೆಯನ್ನು ಪರಿಶೀಲಿಸಿದಾಗ ಅಂತಹ ಒಂಟಿ ಅಂಕಿಗೆ ಆಧಾರವಿಲ್ಲವೆಂದು ನಮಗೆ ತೋರುತ್ತದೆ.

ಅಶ್ವಶಕ್ತಿಯೆಂಬುದು ಟಾರ್ಕ್, ಎಂದರೆ ದಂಡವನ್ನು ತಿರುಗಿಸುವ ಬಲ, ಮತ್ತು ವೇಗ ಇವೆರಡರ ಗುಣಲಬ್ಧ. ನಿಮಿಷಕ್ಕೆ 4,000 ಸುತ್ತಿನಲ್ಲಿ 200 ಅಶ್ವಶಕ್ತಿ ಕೊಡುವ ಎಂಜಿನ್ನಿನ ಟಾರ್ಕ್ ಸುಮಾರು 263 ಪೌಂಡ್-ಅಡಿ. ಅದೇ ಶಕ್ತಿಯನ್ನು 2,000 ಸುತ್ತಿನಲ್ಲಿ ಕೊಟ್ಟರೆ 525. ಗೇರುಪೆಟ್ಟಿಗೆಯ ಕ್ಲಚ್ ತಟ್ಟೆಗಳು ಎಣ್ಣೆಯ ಒತ್ತಡದಿಂದ ಬಿಗಿಹಿಡಿಯಬೇಕಾದುದು ಟಾರ್ಕನ್ನೇ ಹೊರತು ಅಶ್ವಶಕ್ತಿಯನ್ನಲ್ಲ. ಇದರ ಜೊತೆಗೆ ಶಾಖದ ಸಮಸ್ಯೆಯೂ ಉಂಟು. ಎಣ್ಣೆಯ ಮೂಲಕ 100 ಅಶ್ವಶಕ್ತಿ ಸಾಗುವಾಗ ಐದರಲ್ಲೊಂದು ಪಾಲು ಜಾರಿಹೋದರೆ, ಆ 20 ಅಶ್ವಶಕ್ತಿಯೂ ಶಾಖವಾಗಿ ಎಣ್ಣೆಯಲ್ಲೇ ಉಳಿಯುತ್ತದೆ.

ಜನರಲ್ ಮೋಟಾರ್ಸ್ ಸಂಸ್ಥೆಯ ಹೈಡ್ರಾಮ್ಯಾಟಿಕ್ 1940ರ ಮಾದರಿಯ ಓಲ್ಡ್ಸ್‌ಮೊಬೈಲ್ ಕಾರಿನಲ್ಲಿ, ಸುಮಾರು 100 ಅಶ್ವಶಕ್ತಿಯ ಎಂಜಿನ್ನಿಗೆ ಜೊತೆಯಾಗಿ ಬಂದಿತು. ಎರಡೇ ವರ್ಷಗಳಲ್ಲಿ, 1942ರಲ್ಲಿ, ಅದೇ ಜಾತಿಯ ಗೇರುಪೆಟ್ಟಿಗೆಯನ್ನು ಅಮೆರಿಕದ ಎಂ-5 ಸ್ಟುವರ್ಟ್ ಟ್ಯಾಂಕಿಗೆ ಅಳವಡಿಸಿದರು. ಸುಮಾರು 15 ಟನ್ ತೂಕದ ಈ ಟ್ಯಾಂಕಿನಲ್ಲಿ ಎರಡು ಕ್ಯಾಡಿಲಾಕ್ ಎಂಜಿನ್ನುಗಳಿದ್ದು, ಒಂದೊಂದಕ್ಕೂ ಒಂದು ಹೈಡ್ರಾಮ್ಯಾಟಿಕ್ ಇದ್ದಿತು. ಕಾರಿನ ಯಂತ್ರವು ಇಷ್ಟು ಭಾರವನ್ನು ಎಳೆದುದು ಹೇಗೆ? ಎಂಜಿನ್ನು ಕಾರಿನದೇ ಆದುದರಿಂದ ಒಳಬರುವ ಟಾರ್ಕ್ ಮಿತಿ ಮೀರಲಿಲ್ಲ. ಹಿಂದೆ ಸೇರಿಸಿದ ಎರಡು ಹಂತದ ಸಹಾಯಕ ಗೇರು ಉಳಿದ ಹೊರೆಯನ್ನು ಹಗುರಗೊಳಿಸಿತು.

ಈ ಟ್ಯಾಂಕಿನ ಚರಿತ್ರೆಯಲ್ಲಿ ನಮ್ಮ ನಾಡಿಗೂ ಒಂದು ಸಂಬಂಧವುಂಟು. 1948ರ ನವೆಂಬರ್ 1ರಂದು, ಕೊಡಗಿನವರಾದ ಮೇಜರ್ ಜನರಲ್ ಕೆ. ಎಸ್. ತಿಮ್ಮಯ್ಯನವರ ನೇತೃತ್ವದಲ್ಲಿ, 7ನೆಯ ಲೈಟ್ ಕ್ಯಾವಲ್ರಿಯ ಸ್ಟುವರ್ಟ್ ಟ್ಯಾಂಕುಗಳು ಸುಮಾರು 11,500 ಅಡಿ ಎತ್ತರದ ಜೋಜಿಲಾ ಕಣಿವೆದಾರಿಯನ್ನು ಭೇದಿಸಿದವು. ಅಲ್ಲಿಯ ವಿರಳ ವಾಯುವಿನಲ್ಲಿ ಎಂಜಿನ್ನಿನ ಶಕ್ತಿಯು ಕಾಲುಭಾಗಕ್ಕಿಂತ ಹೆಚ್ಚಾಗಿ ಕುಗ್ಗುತ್ತದೆ. ಆದರೆ ಟ್ಯಾಂಕಿನ ಭಾರವಾಗಲಿ ದಾರಿಯ ಕಡಿದಾಗಲಿ ಕುಗ್ಗುವುದಿಲ್ಲ. ಅಶ್ವಶಕ್ತಿ ಕಡಮೆಯಾದ ಮಾತ್ರಕ್ಕೆ ಗೇರುಪೆಟ್ಟಿಗೆಯ ಶ್ರಮ ತಗ್ಗಿತೆನ್ನಲಾಗದೆಂಬುದಕ್ಕೆ ಇದಕ್ಕಿಂತ ಉತ್ತಮ ನಿದರ್ಶನ ಬೇಕಿಲ್ಲ.

‘ಕಾರ್ಖಾನೆಯಿಂದ ಬಂದಂತೆ’ ಎಂಬ ಮಾತನ್ನೂ ಎಚ್ಚರದಿಂದ ಗ್ರಹಿಸಬೇಕು. ಕ್ರೈಸ್ಲರ್ ಸಂಸ್ಥೆಯು 1962ರಲ್ಲಿ ಹೊರತಂದ ಟಾರ್ಕ್‌ಫ್ಲೈಟ್ 727 ಗೇರುಪೆಟ್ಟಿಗೆಯನ್ನು 1966ರಲ್ಲಿ 425 ಅಶ್ವಶಕ್ತಿ ಹಾಗೂ 490 ಪೌಂಡ್-ಅಡಿ ಟಾರ್ಕಿನ ಹೆಮಿ ಎಂಜಿನ್ನಿಗೂ ಜೋಡಿಸಿದರು. ಹೆಸರು ಒಂದೇ ಆದರೂ ಒಳಗಿನ ಕ್ಲಚ್ ತಟ್ಟೆಗಳ ಸಂಖ್ಯೆ ಎಂಜಿನ್ನಿಗನುಸಾರವಾಗಿ ಬೇರೆಬೇರೆಯಾಗಿತ್ತು. ಒಂದು ಪೆಟ್ಟಿಗೆ ತಾಳಿತೆಂದು ಅದೇ ಹೆಸರಿನ ಇನ್ನೊಂದೂ ತಾಳೀತೆಂದು ನಂಬುವುದು ಪ್ರಮಾಣಸಮ್ಮತವಲ್ಲ.

1990ರ ದಶಕದ ಆರಂಭದಲ್ಲಿ ಜನರಲ್ ಮೋಟಾರ್ಸ್ ತನ್ನ ಗೇರುಪೆಟ್ಟಿಗೆಗಳಿಗೆ 4ಎಲ್60, 4ಎಲ್80 ಎಂದು ಹೆಸರಿಟ್ಟಾಗ ಕೊನೆಯ ಅಂಕಿಯು ಸೂಚಿಸಿದುದು ಅಶ್ವಶಕ್ತಿಯನ್ನಲ್ಲ, ಟಾರ್ಕ್ ತಾಳುವ ಸಾಪೇಕ್ಷ ಸಾಮರ್ಥ್ಯವನ್ನು. ಆದುದರಿಂದ ‘ಎಷ್ಟು ಅಶ್ವಶಕ್ತಿ?’ ಎನ್ನುವುದಕ್ಕೆ ಬದಲಾಗಿ, ಎಷ್ಟು ಟಾರ್ಕ್, ಎಷ್ಟು ಭಾರ, ಎಷ್ಟು ಹೊತ್ತು, ಶಾಖ ಹೊರಹೋಗುವ ದಾರಿ ಯಾವುದು ಎಂದು ಕೇಳುವುದೇ ಯುಕ್ತವೆಂದು ನಮ್ಮ ಅಭಿಪ್ರಾಯ.