ಕೋಡಿಂಗ್ ಬರಬೇಕಾ ಸರ್?

ಮೊನ್ನೆ ಲಾ ಓದುವ ಹುಡುಗಿಯೊಬ್ಬಳು ಕೇಳಿದಳು: ‘ಸರ್, ಟೆಕ್ನಾಲಜಿ ಲಾ ಇಂಟರ್ನ್‌ಶಿಪ್‌ಗೆ ಕೋಡಿಂಗ್ ಬರಬೇಕಾ?’ ನಾನು ಇಂಜಿನಿಯರಿಂಗ್ ಓದಿದವನಲ್ವಾ, ಅದಕ್ಕೇ ನನ್ನನ್ನ ಕೇಳಿದ್ದು. ಉತ್ತರ 2012ರಲ್ಲಿದೆ.

ಆ ನವೆಂಬರ್‌ನಲ್ಲಿ ಬಾಳ್ ಠಾಕ್ರೆ ನಿಧನದ ನಂತರ ಮುಂಬೈ ಬಂದ್ ಆಯ್ತು. ಅದನ್ನ ಪ್ರಶ್ನಿಸಿ ಪಾಲ್ಘರ್‌ನ ಯುವತಿಯೊಬ್ಬಳು ಫೇಸ್‌ಬುಕ್‌ನಲ್ಲಿ ಬರೆದಳು, ಗೆಳತಿ ಲೈಕ್ ಒತ್ತಿದಳು. ಇಬ್ಬರೂ ಅರೆಸ್ಟ್! ಲೈಕ್ ಒತ್ತಿದ್ದಕ್ಕೂ ಅರೆಸ್ಟ್ ಕಣ್ರೀ. ಐಟಿ ಕಾಯ್ದೆಯ 66ಎ ಕಲಂ ವಿರುದ್ಧ 21ರ ಶ್ರೇಯಾ ಸಿಂಘಾಲ್ ಸುಪ್ರೀಂ ಕೋರ್ಟಿಗೆ ಹೋದರು. ಅವರು ಓದಿದ್ದು ಖಭೌತಶಾಸ್ತ್ರ. 2015ರ ಮಾರ್ಚ್ 24ರಂದು ಕಲಂ ರದ್ದಾದಾಗ ಅವರಿನ್ನೂ ಲಾ ವಿದ್ಯಾರ್ಥಿನಿ.

ಅದೇ 2012ರಲ್ಲಿ ಆಧಾರ್ ಪ್ರಶ್ನಿಸಿದವರು ನಮ್ಮ ಬೆಂಗಳೂರಿನ ನಿವೃತ್ತ ಹೈಕೋರ್ಟ್ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿ. ವಯಸ್ಸು 86. ಅವರ ಕೇಸಿನಲ್ಲೇ 2017ರಲ್ಲಿ ಖಾಸಗಿತನ ಮೂಲಭೂತ ಹಕ್ಕಾಯ್ತು. 2023ರಲ್ಲಿ ಡೇಟಾ ರಕ್ಷಣೆ ಕಾಯ್ದೆ ಬಂತು. ಇವತ್ತು ಲಾ ಹುಡುಗರು ಕೆಲಸ ಹುಡುಕ್ತಿರೋದು ಇದೇ ದಾರಿಯಲ್ಲಿ.

ಆದರೆ ರದ್ದಾದ 66ಎ ಅಡಿ ಪೊಲೀಸರು ಕೇಸು ಹಾಕೋದು ನಿಲ್ಲಲಿಲ್ಲ. 2021ರಲ್ಲಿ ಸುಪ್ರೀಂ ಕೋರ್ಟೇ ದಂಗಾಯ್ತು. ಹುಡುಗಿಗೆ ಅಷ್ಟೇ ಹೇಳಿದೆ: ಮೊದಲ ದಿನ ಕೈಗೆ ಎಫ್‌ಐಆರ್ ಕೊಟ್ಟರೆ, ಕಲಂ ನಂಬರ್ ಮೊದಲು ನೋಡಮ್ಮಾ.